ಬುಷ್ ಪ್ರೆಸ್ ಕಿಟ್ ರಿವ್ಯೂ: ಲಾರಾ ಆರ್‌ಎಸ್ ಹಿಂದಿನ ಸಸ್ಪೆನ್ಷನ್ ಮನೆ ಪೋರ್ಟಿಕೋದಲ್ಲೇ

ಬೆಂಗಳೂರಲ್ಲಿ ಹಳೇ ಪರ್ಫಾರ್ಮೆನ್ಸ್ ಕಾರ್ ಇಟ್ಕೊಂಡಿರೋರು ಸ್ಪ್ಯಾನರ್ ಸೆಟ್, ಟಾರ್ಕ್ ರೆಂಚ್ ಆದ್ಮೇಲೆ ಇನ್ನೊಂದೇ ಒಂದು ಟೂಲ್‌ಗೆ ದುಡ್ಡು ಹಾಕ್ತೀನಿ ಅಂದ್ರೆ ನಾನು ಹೇಳೋದು ಈ ಕೈಯಲ್ಲಿ ತಿರುಗಿಸೋ ಬುಷ್ ಪ್ರೆಸ್ ಕಿಟ್. ಬುಷ್ ಅಂದ್ರೆ ಸಸ್ಪೆನ್ಷನ್ ಕೀಲುಗಳಲ್ಲಿ ಬಿಗಿಯಾಗಿ ಕೂರೋ ರಬ್ಬರ್ ತುಂಡು, ಅದನ್ನ ಒತ್ತಿ ತೆಗೆಯೋಕೆ, ಹಾಕೋಕೆ ಈ ಕಿಟ್. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ, ಒಂದು ಸ್ಟಾರ್ ಯಾಕೆ ಹೋಯ್ತು ಅಂತ ಕೆಳಗೆ ಬರತ್ತೆ. ಆನ್‌ಲೈನಲ್ಲಿ ಹತ್ತಾರು ಹೆಸರಲ್ಲಿ ಇದೇ ಕಿಟ್ ಸಿಗತ್ತೆ, ಒಂದು ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೆ ಬೇರೆ ಬೇರೆ ಅಳತೆಯ ಸ್ಟೀಲ್ ಕಪ್‌ಗಳು, ಜೊತೆಗೆ ಎಂ10ರಿಂದ ಎಂ16ವರೆಗಿನ (ಅಂದ್ರೆ 10ರಿಂದ 16 ಮಿಲಿಮೀಟರ್ ದಪ್ಪದ) ಥ್ರೆಡ್ ರಾಡ್, ನಟ್, ವಾಶರ್. ಕೆಲಸ ಬಹಳ ಸರಳ: ಬುಷ್‌ಗಿಂತ ಕೂದಲೆಳೆಯಷ್ಟು ಚಿಕ್ಕ ಕಪ್ ಒಂದು ಕಡೆ, ಬುಷ್ ಒಳಗೆ ಬಂದು ಕೂರೋ ಅಷ್ಟು ದೊಡ್ಡ ಕಪ್ ಇನ್ನೊಂದು ಕಡೆ, ಮಧ್ಯೆ ರಾಡ್, ನಟ್ ತಿರುಗಿಸ್ತಾ ಹೋದ್ರೆ ಹಳೇ ಬುಷ್ ದೊಡ್ಡ ಕಪ್ಪೊಳಗೆ ಬರತ್ತೆ. ಸುತ್ತಿಗೆ ಏಟು ಬೇಕಾಗಿಲ್ಲ, ಬೆಂಕಿ ಹಚ್ಚಿ ರಬ್ಬರ್ ಸುಡೋ ಆ ಕರಿ ಹೊಗೆ ವಾಸನೆನೂ ಇಲ್ಲ.

ಕಾರು ಸ್ಕೋಡಾ ಲಾರಾ ಆರ್‌ಎಸ್. 2011ರಲ್ಲಿ ನಮ್ಮಲ್ಲಿ ಬಂತು, 1.8 ಲೀಟರ್ ಟಿಎಸ್‌ಐ ಟರ್ಬೊ ಪೆಟ್ರೋಲ್ ಇಂಜಿನ್, ಸುಮಾರು 160 ಬಿಎಚ್‌ಪಿ, 250 ಎನ್‌ಎಂ ಟಾರ್ಕ್, 6 ಸ್ಪೀಡ್ ಮ್ಯಾನ್ಯುಅಲ್. ಎಲ್ರೂ ಇಂಜಿನ್ ಬಗ್ಗೆನೇ ಮಾತಾಡ್ತಾರೆ ಆದ್ರೆ ನನಗೆ ಈ ಕಾರು ಇಷ್ಟ ಆಗಿದ್ದೇ ಇದರ ಹಿಂಭಾಗಕ್ಕೆ. ಬಹಳಷ್ಟು ಕಾರುಗಳಲ್ಲಿ ಹಿಂದೆ ಎರಡೂ ವೀಲ್ ಸೇರಿಸಿ ಒಂದೇ ಬೀಮ್ ಇರತ್ತೆ, ಇದ್ರಲ್ಲಿ ಮಲ್ಟಿಲಿಂಕ್. ಪ್ರತೀ ವೀಲ್‌ಗೂ ಒಂದು ಉದ್ದುದ್ದ ಹೋಗೋ ಟ್ರೇಲಿಂಗ್ ಆರ್ಮ್, ಅಡ್ಡಡ್ಡ ಮೂರು ಲಿಂಕ್, ಮೇಲಿಂದು ಒಂದು, ಸ್ಪ್ರಿಂಗ್ ಕೂರೋ ಕೆಳಗಿನ ಅಗಲ ಆರ್ಮ್ ಒಂದು, ಇನ್ನೊಂದು ತೆಳು ಟೈ ರಾಡ್. ಸ್ಪ್ರಿಂಗ್ ಬೇರೆ, ಶಾಕ್ ಅಬ್ಸಾರ್ಬರ್ ಬೇರೆ. ಪ್ರತೀ ಲಿಂಕ್ ಕೊನೇಲೂ ರಬ್ಬರ್ ಬುಷ್, ಅಂದ್ರೆ ಈ ಕಾರು ರಸ್ತೇಲಿ ಹೇಗೆ ಕೂರತ್ತೆ ಅನ್ನೋದು ಕೊನೆಗೆ ನಿಂತಿರೋದು ಆ ರಬ್ಬರ್ ಮೇಲೆ, ನಮ್ಮ ಹಂಪು ಹೊಂಡಗಳ ಮೇಲೆ ವರ್ಷಗಟ್ಟಲೆ ಓಡಿದ ಮೇಲೆ ಆ ರಬ್ಬರ್ ಸೀಳದೇ ಇರತ್ತಾ.

ನಮ್ಮ ಕಾರಲ್ಲಿ ಕಂಡಿದ್ದು ಹೀಗೆ. ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್ ಮೇಲೆ ಎಕ್ಸ್‌ಪಾನ್ಷನ್ ಜಾಯಿಂಟ್ (ಕಾಂಕ್ರೀಟ್ ತುಂಡುಗಳ ನಡುವಿನ ಸಂದು) ಬಂದಾಗೆಲ್ಲ ಹಿಂದಿನಿಂದ ಎರಡೆರಡು ಸಲ ದಡ್ ದಡ್ ಅನ್ನೋದು, ಮೊದಲನೇದು ಟೈರ್ ಸದ್ದು, ಎರಡನೇದು ಒಳಗೆ ಏನೋ ಲೂಸ್ ಆಗಿ ಬಡಿಯೋ ಸದ್ದು. ನೈಸ್ ರೋಡಲ್ಲಿ ಸ್ಪೀಡಲ್ಲಿ ಲೇನ್ ಬದಲಿಸಿದ್ರೆ ಮುಂಭಾಗ ಹೋಗಿ ಆದ ಮೇಲೆ ಹಿಂಭಾಗ ಯೋಚನೆ ಮಾಡ್ಕೊಂಡು ಬರೋದು. ಜೋರಾಗಿ ಬ್ರೇಕ್ ಹಾಕಿದ್ರೆ ಕಾರು ಸಣ್ಣಗೆ ಒಂದು ಕಡೆ ಎಳೆಯೋದು. ಹಿಂದಿನ ಟೈರ್ ಒಳ ಅಂಚು ಬೇಗ ಸವೆದಿತ್ತು. ಇಷ್ಟೂ ಲಕ್ಷಣ ಒಟ್ಟಿಗೆ ಇದ್ರೆ ಶಾಕ್‌ಗಿಂತ ಮೊದಲು ಬುಷ್ ಮೇಲೆ ಅನುಮಾನ ಪಡ್ಬೇಕು.

ಆದ್ರೆ ಗ್ಯಾರೇಜಲ್ಲಿ ಕೇಳಿ ನೋಡಿ. ನಾವು ತೋರಿಸಿದ ಕಡೆ (ಹೆಸರು ಬೇಡ) ಕಾರು ಎತ್ತದೇನೇ, ಡಿಕ್ಕಿ ಮೇಲೆ ಕೈ ಇಟ್ಟು ಎರಡು ಸಲ ಒತ್ತಿ, "ಶಾಕ್ ಹೋಗಿದೆ ಸಾರ್, ನಾಲ್ಕೂ ಸೆಟ್ಟೇ ಹಾಕ್ಬಿಡಿ" ಅಂದ್ರು. ಮನೆಗೆ ಬಂದು ಜಾಕ್ ಹಾಕಿ ನೋಡಿದ್ರೆ ಹಿಂದಿನ ಎರಡು ಶಾಕೂ ಒಣಗಿ ಕೂತಿವೆ, ಎಣ್ಣೆ ಜಿನುಗಿದ ಒಂದು ಗುರುತೂ ಇಲ್ಲ. ಟ್ರೇಲಿಂಗ್ ಆರ್ಮ್ ಮುಂಭಾಗದ ಬುಷ್ ಹತ್ರ ಪ್ರೈ ಬಾರ್ ಹಾಕಿ ಮೀಟಿದ್ರೆ ಆರ್ಮ್ ಹಿಂದೆ ಮುಂದೆ ಆರಾಮಾಗಿ ಓಡಾಡ್ತಿದೆ, ಟಾರ್ಚ್ ಬಿಟ್ಟು ನೋಡಿದ್ರೆ ಒಳಗಿನ ಸ್ಲೀವ್ (ಬೋಲ್ಟ್ ಹೋಗೋ ಲೋಹದ ಕೊಳವೆ) ಸುತ್ತ ರಬ್ಬರ್ ಅರ್ಧ ಚಂದ್ರನ ಆಕಾರದಲ್ಲಿ ಪೂರ್ತಿ ಸೀಳಿದೆ, ಸೀಳಿನ ಒಳಗೆ ಕೆಂಪು ಧೂಳು ತುಂಬಿ ನುಣ್ಣಗೆ ಪಾಲಿಶ್ ಆಗಿದೆ. ಅಂದ್ರೆ ಅದು ಸೀಳಿ ಬಹಳ ಕಾಲ ಆಗಿತ್ತು. ನಾಲ್ಕು ಶಾಕ್ ಹಾಕಿಸಿದ್ರೂ ಈ ಸದ್ದು ಹೋಗ್ತಿರ್ಲಿಲ್ಲ, ದುಡ್ಡು ಮಾತ್ರ ಹೋಗ್ತಿತ್ತು. ಇದು ನನಗೆ ನಿಜವಾಗ್ಲೂ ಬೇಜಾರಾಗೋ ವಿಷ್ಯ, ಯಾಕಂದ್ರೆ ಎಷ್ಟೋ ಒಳ್ಳೇ ಕಾರುಗಳು ಹೀಗೇ ತಪ್ಪು ರಿಪೇರಿಗೆ ದುಡ್ಡು ಸುರಿದು ಸುರಿದು ಕೊನೆಗೆ ಗುಜರಿಗೆ ಹೋಗ್ತಾವೆ.

ಪಾರ್ಟ್ಸ್‌ಗೆ ಜೆಸಿ ರೋಡ್. ಅಂಗಡಿಗೆ ಹೋದ್ರೆ ಮೊದಲ ಪ್ರಶ್ನೆ ಒಂದೇ, "ಒರಿಜಿನಲ್ಲಾ ಸಾರ್, ಲೋಕಲ್ಲಾ?" ಹಳೇ ಬುಷ್ ಇಲ್ಲಾ ಫೋಟೋ ಮಾತ್ರ ತಗೊಂಡು ಹೋಗ್ಬೇಡಿ, ಚಾಸಿಸ್ ನಂಬರಿಂದ ಪಾರ್ಟ್ ನಂಬರ್ ತೆಗ್ಸಿ ಅದನ್ನ ಬರ್ಕೊಂಡು ಹೋಗಿ, ಅರ್ಧ ವಾದ ಅಲ್ಲೇ ಮುಗಿಯತ್ತೆ. ನಾವು ತಗೊಂಡಿದ್ದು ಲೆಮ್‌ಫೋರ್ಡರ್ ರಬ್ಬರ್ ಬುಷ್, ಜರ್ಮನಿಯ ಝಡ್‌ಎಫ್ ಗುಂಪಿನ ಬ್ರಾಂಡ್. ಬಾಕ್ಸ್ ತೆಗೆದು ಲೋಕಲ್ ಬುಷ್ ಪಕ್ಕ ಇಟ್ಟು ನೋಡಿದಾಗಲೇ ವ್ಯತ್ಯಾಸ ಕಾಣತ್ತೆ, ಲೋಕಲ್‌ದರಲ್ಲಿ ರಬ್ಬರ್ ಲೋಹಕ್ಕೆ ಅಂಟೋ ಅಂಚಲ್ಲಿ ಉಗುರು ಸಿಗೋ ಅಷ್ಟು ಸಂದಿ, ಇದ್ರಲ್ಲಿ ಒಂದೇ ಸಮ. ಬೆಲೆ ಎರಡು ಪಟ್ಟಿಗಿಂತ ಜಾಸ್ತಿ. ಕೊಡಿ. ಬುಷ್ ಬೆಲೆಗಿಂತ ಅದನ್ನ ಬಿಚ್ಚಿ ಹಾಕೋ ಶ್ರಮ ದೊಡ್ಡದು, ಅದನ್ನೇ ಇನ್ನೊಂದು ಸಲ ಮಾಡೋಕೆ ಯಾರಿಗೆ ಇಷ್ಟ.

ಪಿಯು ಬುಷ್ ಹಾಕಿ ಅಂತ ಸ್ನೇಹಿತರು ಬಹಳ ಹೇಳಿದ್ರು, ಪಾಲಿಯುರೇಥೇನ್ ಗಟ್ಟಿ, ಸೀಳಲ್ಲ ಅಂತ. ಬೇರೆ ಜಾಗಕ್ಕೆ ಸರಿ ಇರಬಹುದು, ಈ ಟ್ರೇಲಿಂಗ್ ಆರ್ಮ್ ಜಾಗಕ್ಕೆ ನಾನು ಒಪ್ಪಲ್ಲ. ಈ ಆರ್ಮ್ ಹಿಂದಗಡೆ ವೀಲ್ ಹಬ್‌ಗೆ ಬಿಗಿಯಾಗಿ ಬೋಲ್ಟ್ ಆಗಿರತ್ತೆ, ಮುಂದಗಡೆ ಇರೋದು ಈ ಒಂದೇ ಬುಷ್. ವೀಲ್ ಮೇಲೆ ಕೆಳಗೆ ಹೋದಾಗ ಅಡ್ಡ ಲಿಂಕ್‌ಗಳು ಅದನ್ನ ಒಂದು ಕಮಾನಿನ ದಾರೀಲಿ ಒಳಕ್ಕೆ ಹೊರಕ್ಕೆ ಎಳೀತಾವೆ, ಆಗ ಆರ್ಮ್ ಸ್ವಲ್ಪ ಬಾಗ್ಬೇಕು, ಬುಷ್ ತಿರುಗೋದಷ್ಟೇ ಅಲ್ಲ ಓರೆನೂ ಆಗ್ಬೇಕು. ರಬ್ಬರ್ ಅದನ್ನ ಮಾಡತ್ತೆ. ಗಟ್ಟಿ ಪಿಯು ಒಂದು ಅಕ್ಷದಲ್ಲಿ ಚೆನ್ನಾಗಿ ತಿರುಗತ್ತೆ, ಓರೆ ಆಗು ಅಂದ್ರೆ ಹಿಡ್ಕೊಳತ್ತೆ, ಆ ಒತ್ತಡ ಎಲ್ಲಾ ಬ್ರಾಕೆಟ್‌ಗೂ ಬಾಡಿಗೂ ಹೋಗತ್ತೆ. ಇಂಜಿನಿಯರ್‌ಗಳು ಅಲ್ಲಿ ಮೆತ್ತಗಿನ ರಬ್ಬರ್ ಇಟ್ಟಿದ್ದು ದುಡ್ಡು ಉಳಿಸೋಕಲ್ಲ.

ಇನ್ನು ಕೆಲಸ. ಸಮತಟ್ಟು ನೆಲ, ಒಳ್ಳೇ ಆಕ್ಸಲ್ ಸ್ಟ್ಯಾಂಡ್ ಎರಡು, ಮುಂದಿನ ವೀಲ್‌ಗೆ ಅಡ್ಡ ಕಲ್ಲು, ಇವು ಇಲ್ದೆ ಕಾರಿನ ಕೆಳಗೆ ತಲೆ ಹಾಕ್ಲೇಬೇಡಿ, ಬರೀ ಜಾಕ್ ನಂಬೋದು ಜೀವಕ್ಕೆ ಅಪಾಯ. ಕಾರು ಎತ್ತೋಕೆ ಮೊದಲು ಎರಡು ಕೆಲಸ. ಒಂದು, ವೀಲ್ ಮಧ್ಯದಿಂದ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ಅಳತೆ ಬರ್ಕೊಳಿ. ಎರಡು, ಕಾರು ನೆಲದ ಮೇಲೆ ನಿಂತಿದ್ದಾಗಲೇ ಟ್ರೇಲಿಂಗ್ ಆರ್ಮಿಗೂ ಅದರ ಮುಂದಿನ ಬ್ರಾಕೆಟ್‌ಗೂ ಮಧ್ಯೆ ಇರೋ ಕೋನ ಗುರುತು ಹಾಕ್ಕೊಳಿ. ಆಮೇಲೆ ಕೆಳಗಿನ ಆರ್ಮ್‌ನ ಒಳ ಬೋಲ್ಟ್ ಎಕ್ಸೆಂಟ್ರಿಕ್ ಬೋಲ್ಟ್, ಅಂದ್ರೆ ತಿರುಗಿಸಿದ್ರೆ ಆರ್ಮ್ ಒಳಕ್ಕೆ ಹೊರಕ್ಕೆ ಸರಿಯತ್ತೆ, ಹಿಂದಿನ ಅಲೈನ್ಮೆಂಟ್ ಹೊಂದಿಸೋ ಬೋಲ್ಟ್‌ಗಳಲ್ಲಿ ಅದೂ ಒಂದು, ಅದರ ವಾಶರ್ ಎಲ್ಲಿ ಕೂತಿತ್ತು ಅಂತ ವೈಟ್ ಪೇಂಟಲ್ಲಿ ಗೆರೆ ಎಳೀರಿ. ನಮ್ಮೂರಿನ ಒಂದು ಪುಣ್ಯ ಏನಂದ್ರೆ ಸಮುದ್ರದ ಉಪ್ಪು ಗಾಳಿ ಇಲ್ಲ, ಯೂರೋಪಿನ ಹಾಗೆ ಚಳಿಗಾಲಕ್ಕೆ ರಸ್ತೆಗೆ ಉಪ್ಪೂ ಹಾಕಲ್ಲ, ಅಲ್ಲಿ ಈ ಬೋಲ್ಟ್‌ಗಳು ಸ್ಲೀವ್ ಒಳಗೆ ತುಕ್ಕು ಹಿಡಿದು ಕಟ್ ಮಾಡ್ಬೇಕಾಗತ್ತೆ, ನಮಗೆ ರಾತ್ರಿ ತುಕ್ಕು ಬಿಡಿಸೋ ಸ್ಪ್ರೇ ಹೊಡೆದಿಟ್ಟಿದ್ದೇ ಸಾಕಾಯ್ತು.

ಕೆಳಗಿನ ಆರ್ಮ್ ಅಡಿಗೆ ಜಾಕ್ ಕೊಟ್ಟು, ಹೊರ ಬೋಲ್ಟ್ ತೆಗೆದು, ಜಾಕ್ ನಿಧಾನಕ್ಕೆ ಇಳಿಸಿದ್ರೆ ಸ್ಪ್ರಿಂಗ್ ಸಡಿಲ ಆಗಿ ಕೈಗೆ ಬರತ್ತೆ. ಇದೊಂದು ಹಂತದಲ್ಲಿ ಆತುರ ಬೇಡ. ಬ್ರೇಕ್ ಕ್ಯಾಲಿಪರ್ ಬಿಚ್ಚಿದ್ರೆ ತಂತಿ ಕಟ್ಟಿ ನೇತು ಹಾಕಿ, ಹೋಸ್ ಮೇಲೆ ಭಾರ ಬೀಳಬಾರದು, ಎಬಿಎಸ್ ವೈರೂ ಹ್ಯಾಂಡ್‌ಬ್ರೇಕ್ ಕೇಬಲ್ಲೂ ಕ್ಲಿಪ್ಪಿಂದ ಬಿಡಿಸಿಡಿ. ಬ್ರಾಕೆಟ್ ಬಾಡಿಯಿಂದ ಬಿಚ್ಚಿದ ಮೇಲೆ ಆರ್ಮ್ ಮುಂಭಾಗ ಕೆಳಗೆ ಬರತ್ತೆ, ಬುಷ್ ಕಣ್ಣೆದುರಿಗೇ. ಅಲ್ಲಿಂದ ಕಿಟ್ ಶುರು.

ನಮ್ಮ ಭಾವಮೈದ ಕಪ್ ಹಿಡ್ಕೊಂಡು ಕೂತಿದ್ದ, ನಾನು ಸ್ಪ್ಯಾನರ್. ಮೊದಲು ಏನೂ ಆಗಲ್ಲ, ನಟ್ ಬಿಗಿ ಆಗ್ತಾ ಆಗ್ತಾ ಹೋಗತ್ತೆ, ಕೈ ನೋಯತ್ತೆ, ಆಮೇಲೆ ಠಪ್ ಅಂತ ಒಂದು ಸದ್ದು. "ಭಾವ, ಬಂತು, ಅಂಚು ಸರಿದಿದೆ ನೋಡಿ" ಅಂದ. ಅಲ್ಲಿಂದ ಪ್ರತೀ ಸುತ್ತಿಗೂ ಬುಷ್ ಚೂರು ಚೂರೇ ಹೊರಕ್ಕೆ ಬರೋದು ಕಾಣತ್ತೆ, ಆರ್ಮ್ ಒಳಗಿನ ಲೋಹ ಒಂದು ಗೀರೂ ಇಲ್ದೆ ಹೊಳೀತಿತ್ತು. ಸುತ್ತಿಗೆಲಿ ಹೊಡೆದು ತೆಗೆದ ಆರ್ಮ್ ನೋಡಿದೀನಿ, ಬಾಯಿ ಅಂಡಾಕಾರ ಆಗಿರತ್ತೆ, ಆಮೇಲೆ ಯಾವ ಹೊಸ ಬುಷ್ಷೂ ಅದ್ರಲ್ಲಿ ನೆಟ್ಟಗೆ ಕೂರಲ್ಲ. ಈ ಕಿಟ್‌ಗೆ ನಾಲ್ಕು ಸ್ಟಾರ್ ಕೊಡೋಕೆ ಇದೊಂದೇ ಕಾರಣ ಸಾಕು. ಹಳೇದು ತೆಗೆಯೋ ಮೊದಲು ಅದರ ರಬ್ಬರ್‌ನಲ್ಲಿರೋ ಖಾಲಿ ಜಾಗಗಳು ಯಾವ ದಿಕ್ಕಿಗಿವೆ ಅಂತ ಆರ್ಮ್ ಮೇಲೆ ಮಾರ್ಕರಲ್ಲಿ ಗುರುತು ಮಾಡಿ, ಹೊಸದು ಅದೇ ದಿಕ್ಕಿಗೆ ಕೂರಬೇಕು, ಬೇಕಂತಲೇ ಒಂದು ದಿಕ್ಕಲ್ಲಿ ಮೆತ್ತಗೆ, ಇನ್ನೊಂದು ದಿಕ್ಕಲ್ಲಿ ಗಟ್ಟಿ ಇರೋ ಹಾಗೆ ಮಾಡಿರ್ತಾರೆ.

ಈಗ ಕಟ್ ಆದ ಸ್ಟಾರ್. ಕಪ್‌ಗಳು ಒಳ್ಳೇ ಗಟ್ಟಿ, ಒಂದೂ ಬಾಗಿಲ್ಲ. ರಾಡ್ ಮಾತ್ರ ಕಳಪೆ. ಮೆತ್ತಗಿನ ಸ್ಟೀಲು, ಗ್ರೀಸ್ ಹಾಕಿದ್ರೂ ಎರಡನೇ ಕಡೆ ಬುಷ್ ಎಳೆಯೋವಾಗ ಎಂ12 ರಾಡ್ ಥ್ರೆಡ್ ಕಿತ್ಕೊಂಡು ನಟ್ ಅಲ್ಲೇ ಜಾಮ್. ಬಾಕ್ಸ್ ಮೇಲೆ ಹೈ ಟೆನ್ಸೈಲ್ ಅಂತ ಬರ್ದಿದಾರೆ, ರಾಡ್ ಮೇಲೆ ಯಾವ ಗ್ರೇಡ್ ಗುರುತೂ ಇಲ್ಲ. ಎಸ್‌ಜೆಪಿ ರೋಡಿಗೆ ಹೋಗಿ 10.9 ಗ್ರೇಡ್ (ಗಟ್ಟಿ ಸ್ಟೀಲಿನ) ಉದ್ದ ಬೋಲ್ಟ್, ಎತ್ತರದ ನಟ್, ಭಾರ ಬಿದ್ದಾಗ್ಲೂ ಸಲೀಸಾಗಿ ತಿರುಗೋ ಒಂದು ಥ್ರಸ್ಟ್ ಬೇರಿಂಗ್ ತಂದ್ವಿ. ಆ ಬೇರಿಂಗ್ ನಟ್‌ಗೂ ಕಪ್‌ಗೂ ಮಧ್ಯೆ ಕೂತ ಮೇಲೆ ಅರ್ಧ ಬಲಕ್ಕೇ ಕೆಲಸ ಆಯ್ತು. ನೀವು ಈ ಕಿಟ್ ತಗೊಂಡ್ರೆ ಮೊದಲ ದಿನವೇ ರಾಡ್‌ಗಳನ್ನ ಪಕ್ಕಕ್ಕಿಟ್ಟು ಇದನ್ನ ತಂದಿಟ್ಕೊಳಿ, ಕಾರು ಸ್ಟ್ಯಾಂಡ್ ಮೇಲೆ ನಿಂತಿರೋವಾಗ ಆಟೋ ಹಿಡ್ಕೊಂಡು ಓಡೋದು ಬೇಡ.

ಜೋಡಿಸೋವಾಗ ಗಮನ ಇಡ್ಬೇಕಾದ ವಿಷ್ಯ ಒಂದಿದೆ, ಗ್ಯಾರೇಜಲ್ಲಿ ಹೆಚ್ಚಿನವರು ಇದನ್ನ ಮಾಡಲ್ಲ, ಅದಕ್ಕೇ ಹೊಸ ಬುಷ್‌ಗಳೂ ಬೇಗ ಹೋಗೋದು. ಈ ಬುಷ್‌ನ ಒಳ ಸ್ಲೀವ್ ಬೋಲ್ಟ್ ಜೊತೆ ಬಿಗಿಯಾಗಿ ಕಚ್ಕೊಳತ್ತೆ, ತಿರುಗಲ್ಲ, ತಿರುಚೋದು ರಬ್ಬರ್ ಮಾತ್ರ. ವೀಲ್ ಗಾಳೀಲಿ ನೇತಾಡ್ತಿರೋವಾಗ್ಲೇ ಬೋಲ್ಟ್ ಟೈಟ್ ಮಾಡಿದ್ರೆ, ಕಾರು ನೆಲಕ್ಕಿಳಿದ ಕ್ಷಣದಿಂದ ಆ ರಬ್ಬರ್ ಒದ್ದೆ ಬಟ್ಟೆ ಹಿಂಡಿದ ಹಾಗೆ ಸದಾ ತಿರುಚ್ಕೊಂಡೇ ಇರತ್ತೆ, ಪಾರ್ಕ್ ಮಾಡಿದ್ರೂ. ಮೇಲಿಂದ ಹಂಪು ಬೇರೆ. ಆದ್ದರಿಂದ ಎಲ್ಲಾ ಬೋಲ್ಟ್ ಕೈಯಲ್ಲಿ ಹಾಕಿ, ಹಬ್ ಅಡಿಗೆ ಜಾಕ್ ಕೊಟ್ಟು, ಮೊದಲು ಬರೆದಿಟ್ಟ ಅಳತೆ ಬರೋವರೆಗೆ ಎತ್ತಿ, ಕಾರು ಸ್ಟ್ಯಾಂಡಿಂದ ಮೇಲೇಳದ ಹಾಗೆ ನೋಡ್ಕೊಂಡು, ಆಮೇಲೆ ಟಾರ್ಕ್ ರೆಂಚ್. ಟ್ರೇಲಿಂಗ್ ಆರ್ಮ್ ಬ್ರಾಕೆಟ್‌ಗೆ ಆಗಲೇ ಗುರುತು ಹಾಕಿದ ಕೋನ. ಸ್ಕೋಡಾದಲ್ಲಿ ಎಷ್ಟೋ ಬೋಲ್ಟ್‌ಗಳು ಟಾರ್ಕ್ ಕೊಟ್ಟು ಅದರ ಮೇಲೆ ಡಿಗ್ರಿ ಲೆಕ್ಕದಲ್ಲಿ ತಿರುಗಿಸೋ ಸ್ಟ್ರೆಚ್ ಬೋಲ್ಟ್‌ಗಳು, ಅವನ್ನ ಮತ್ತೆ ಬಳಸಬಾರದು, ಹೊಸದು ಹಾಕಿ.

ಕಡೇದು ಅಲೈನ್ಮೆಂಟ್. ಒಂದು ಟೈರ್ ಅಂಗಡೀಲಿ "ಹಿಂದೆ ಅಡ್ಜಸ್ಟ್‌ಮೆಂಟ್ ಇರಲ್ಲ ಸಾರ್, ಮುಂದೆ ಮಾತ್ರ ಮಾಡೋದು" ಅಂದ್ರು. ಬಹಳ ಕಾರುಗಳಿಗೆ ನಿಜ, ಇದಕ್ಕಲ್ಲ, ಇದ್ರಲ್ಲಿ ಹಿಂದೆ ಕ್ಯಾಂಬರೂ (ವೀಲ್ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರೋ ಕೋನ) ಟೋನೂ (ವೀಲ್ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರೋ ಕೋನ) ಎರಡೂ ಹೊಂದಿಸ್ಬಹುದು. ನಾಲ್ಕೂ ವೀಲ್‌ಗೆ ಗುರುತಿನ ಫಲಕ ಹಾಕಿ ಕ್ಯಾಮೆರಾದಲ್ಲಿ ಅಳೆಯೋ 3ಡಿ ಮಷೀನ್ ಇರೋ ಕಡೆ ಹೋಗಿ, ಹಿಂದಿನದು ಮೊದಲು, ಮುಂದಿನದು ಆಮೇಲೆ, ಪ್ರಿಂಟ್ ಕೇಳಿ ಇಸ್ಕೊಳಿ.

ಈಗ ಅದೇ ಫ್ಲೈಓವರ್ ಮೇಲೆ ಒಂದೇ ದಡ್, ಎರಡನೇದಿಲ್ಲ. ಲೇನ್ ಬದಲಿಸಿದ್ರೆ ಹಿಂಭಾಗ ಮುಂಭಾಗದ ಜೊತೇಲೇ ಬರತ್ತೆ, ಬ್ರೇಕ್ ಹಾಕಿದ್ರೆ ನೇರ ನಿಲ್ಲತ್ತೆ. ಶಾಕ್ ಹಳೇದೇ. ಕಿಟ್ ಯಾರಿಗೆ ಬೇಡ ಅಂದ್ರೆ, ಆರ್ಮ್ ಪೂರ್ತಿ ಬಿಚ್ಚಿ ಹೊರಗೆ ತೆಗೆಯೋದಿದ್ರೆ ಹತ್ತಿರದ ಲೇತ್ ಅಂಗಡೀಲಿ ಹೈಡ್ರಾಲಿಕ್ ಪ್ರೆಸ್ ಇರತ್ತೆ, ಸರಿ ಅಳತೆಯ ಕಪ್ ಇದೆಯಾ ಅಂತ ಮೊದಲೇ ಕೇಳಿ, ಅದಿಲ್ದೆ ಪೈಪ್ ತುಂಡು ಇಟ್ಟು ಒತ್ತಿದ್ರೆ ಬುಷ್ ಅಂಚು ಮಡಚತ್ತೆ. ಆರ್ಮ್ ಕಾರಲ್ಲೇ ಇಟ್ಕೊಂಡು ಬುಷ್ ಬದಲಿಸೋರಿಗೆ ಮಾತ್ರ ಈ ಕಿಟ್ ಬಿಟ್ರೆ ಬೇರೆ ದಾರಿ ಕಾಣೆ, ತಗೊಳೋವಾಗ ಕಪ್‌ಗಳ ಒಳ ಹೊರ ವ್ಯಾಸ ಪೆಟ್ಟಿಗೆ ಮೇಲೆ ಬರೆದಿರೋದನ್ನೇ ತಗೊಳಿ.