ಹಳೇ ಡೆಸ್ಕ್‌ಟಾಪಲ್ಲಿ ಲಿನಕ್ಸ್ ಮಿಂಟ್: ವರ್ಷಗಟ್ಟಲೆ ಬಳಸಿದ ಮೇಲೆ ಬರೀತಿರೋದು

ನಾನು ಮಂಡ್ಯದಲ್ಲಿ ಹೈಸ್ಕೂಲ್ ಕನ್ನಡ ಟೀಚರ್. ಮನೇಲಿರೋದು 4 ಜಿಬಿ ರ‍್ಯಾಮ್‌ದು ಹಳೇ ಡೆಸ್ಕ್‌ಟಾಪ್, ಅದಕ್ಕೆ 2022ರಲ್ಲಿ ಲಿನಕ್ಸ್ ಮಿಂಟ್ 21 (ವಿಂಡೋಸ್ ಥರದ್ದೇ, ಆದ್ರೆ ಪುಕ್ಕಟೆ ಸಿಗೋ ಆಪರೇಟಿಂಗ್ ಸಿಸ್ಟಮ್) ಹಾಕ್ಸಿದ್ದು, ಆಮೇಲೆ 22ಕ್ಕೆ ಬಂದೆ, ಪ್ರಶ್ನೆಪತ್ರಿಕೆ, ನೋಟ್ಸು, ಮಾರ್ಕ್ಸ್ ಪಟ್ಟಿ, ನಮ್ಮನೆಯವರ ಕಬ್ಬಿನ ಲೆಕ್ಕ ಎಲ್ಲಾ ಇದರಲ್ಲೇ. ಮಿಂಟಲ್ಲಿ ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಅಂತ ಮೂರು ಥರ ಬರುತ್ತೆ, ಮಿಷನ್ ಹಳೇದಾಗಿದ್ರೆ ಕಣ್ಮುಚ್ಕೊಂಡು ಮೂರನೇದು ತಗೊಳ್ಳಿ, ಅದು ಹಗುರ. ಇನ್‌ಸ್ಟಾಲ್ ಮಾಡೋಕೆ ಮುಂಚೆ ಪೆನ್‌ಡ್ರೈವಿಂದಲೇ ಓಡಿಸಿ ನೋಡಬಹುದು, ವೈಫೈ, ಸೌಂಡು ಬರುತ್ತಾ ಇಲ್ವಾ ಅಲ್ಲೇ ಗೊತ್ತಾಗುತ್ತೆ.

ಸಮಯ ಹಿಡಿಯೋದು ಕನ್ನಡದ ಸೆಟಪ್ಪಿಗೆ. ಸಾಫ್ಟ್‌ವೇರ್ ಮ್ಯಾನೇಜರಲ್ಲಿ ಐಬಸ್-ಎಂ17ಎನ್ (ibus-m17n, ಕನ್ನಡ ಟೈಪ್ ಮಾಡೋಕೆ ಬೇಕಾದ ಸಾಫ್ಟ್‌ವೇರ್) ಅಂತ ಹುಡುಕಿ ಹಾಕ್ಕೊಂಡು, ಲಾಗೌಟ್ ಆಗಿ ಬಂದು, ಐಬಸ್ ಪ್ರಿಫರೆನ್ಸಲ್ಲಿ ಕನ್ನಡದ ಕೆಜಿಪಿ ಆರಿಸ್ಕೋಬೇಕು. ಕೆಜಿಪಿ ಅಂದ್ರೆ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದವರ ಬೆರಳಿಗೆ ಕೂತಿರೋ ಅದೇ ಕೀಲಿಮಣೆ. ಕೆ, ಎಫ್, ಎಕ್ಸ್ ಒತ್ತಿ, ಕ್ಷ ಬರುತ್ತೆ, ಒತ್ತಕ್ಷರಕ್ಕೆಲ್ಲ ನಡುವೆ ಎಫ್ ಒತ್ತಿದ್ರಾಯ್ತು. ಅದು ಸರಿಯಾದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ, ಯಾಕಂದ್ರೆ ಹಾಗೆ ಟೈಪ್ ಮಾಡಿದ್ದೆಲ್ಲ ಯೂನಿಕೋಡ್ (ಎಲ್ಲಾ ಕಡೆ ಒಂದೇ ಥರ ಓದೋಕಾಗೋ ಅಕ್ಷರ ಸಂಕೇತ), ಅದೇ ಸಾಲು ವಾಟ್ಸಾಪಲ್ಲೂ ಓದಕ್ಕಾಗುತ್ತೆ, ಮೊಬೈಲಲ್ಲಿ ಹುಡುಕಿದ್ರೂ ಸಿಗುತ್ತೆ.

ಮೈಕ್ರೋಸಾಫ್ಟ್ ಆಫೀಸ್ ಥರದ ಲಿಬ್ರೆಆಫೀಸಲ್ಲಿ ಒಂದು ವಿಷಯ ಯಾರೂ ಹೇಳಲ್ಲ. ಅದರಲ್ಲಿ ಇಂಗ್ಲಿಷಿಗೆ ಒಂದು ಫಾಂಟ್, ನಮ್ಮ ಲಿಪಿಗಳಿಗೆ ಬೇರೆ ಫಾಂಟ್, ಎರಡೂ ಬೇರೆ ಬೇರೆ ಇಟ್ಕೊಂಡಿರುತ್ತೆ. ಟೂಲ್ಸ್, ಆಪ್ಷನ್ಸ್, ಲ್ಯಾಂಗ್ವೇಜಸ್‌ಗೆ ಹೋಗಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಟಿಕ್ ಮಾಡಿ ಕನ್ನಡ ಅಂತ ಕೊಡಿ, ಆಮೇಲೆ ರೈಟರ್‌ನ (ಅದರಲ್ಲಿ ವರ್ಡ್ ಥರ ಬರೆಯೋಕಿರೋದು) ಬೇಸಿಕ್ ಫಾಂಟ್ಸಲ್ಲಿ ನೋಟೋ ಸಾನ್ಸ್ ಕನ್ನಡನೋ ಗುಬ್ಬಿನೋ ಹಾಕಿ. ಗುಬ್ಬಿ, ನವಿಲು ಎರಡೂ ಮುಕ್ತ ಫಾಂಟ್‌ಗಳು, ನವಿಲು ದೊಡ್ಡ ಹೆಡಿಂಗಿಗೆ ಬಹಳ ಚೆನ್ನಾಗಿ ಕಾಣುತ್ತೆ.

ಹಳೇ ನುಡಿ ಫೈಲುಗಳು ಮಾತ್ರ ನಿಜವಾದ ತಲೆನೋವು ಕಣ್ರೀ. ಯೂನಿಕೋಡ್ ಬರೋ ಮುಂಚಿನ ಆಸ್ಕಿ ಫೈಲ್ (ಇಂಗ್ಲಿಷ್ ಸಂಕೇತಗಳ ಮೇಲೆ ಕನ್ನಡ ಫಾಂಟ್ ಹೊದಿಸಿ ಬರೆದದ್ದು) ತೆಗೆದ್ರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಕ್ಕೆ ಕೊಂಬು ಬಾಲ ಬಂದಿರೋ ಥರ ಸಾಲುಗಳು. ಓದೋಕಷ್ಟೇ ಆದ್ರೆ ಹಳೇ ನುಡಿ ಫಾಂಟ್ ಹಾಕ್ಕೊಂಡ್ರೆ ಸಾಕು, ತಿದ್ದೋದಿದ್ರೆ ಆಸ್ಕಿಯಿಂದ ಯೂನಿಕೋಡಿಗೆ ಬದಲಾಯಿಸೋ ಟೂಲ್ ಪುಕ್ಕಟೆ ಸಿಗುತ್ತೆ. ಆದ್ರೆ ಅರ್ಕಾವತ್ತು ಇರೋ ಕಡೆ ಕಣ್ಣಿಟ್ಟು ಓದಿ, ನನ್ನ ಹಳೇ ವ್ಯಾಕರಣ ನೋಟ್ಸಲ್ಲಿ ಎಡವಟ್ಟಾಗಿದ್ದೆಲ್ಲ ಹೆಚ್ಚುಕಮ್ಮಿ ಅಲ್ಲೇ. ಹತ್ತು ವರ್ಷದ ಪ್ರಶ್ನೆಪತ್ರಿಕೆ ಹೀಗೆ ಉಳಿಸ್ಕೊಂಡಿದೀನಿ, ಪಟ್ಟ ಶ್ರಮಕ್ಕೆ ಮೋಸ ಇಲ್ಲ.

ಹೊಂದಿಸಿ ಬರೆಯಿರಿ ಥರದ ಟೇಬಲ್‌ಗಳು ಸ್ಕೂಲಿನ ವರ್ಡಲ್ಲಿ ತೆಗೆದಾಗ ಅಲ್ಲಾಡುತ್ತೆ, ಹಾಗಾಗಿ ಪ್ರಿಂಟಿಗೆ ಯಾವಾಗ್ಲೂ ಪಿಡಿಎಫ್ ಕಳಿಸ್ತೀನಿ. ಕರೆಂಟ್ ಹೋಗೋದು ನಮಗೆ ಮಾಮೂಲು, ಯುಪಿಎಸ್ ಇಲ್ಲದವರು ಲಿಬ್ರೆಆಫೀಸಿನ ಲೋಡ್/ಸೇವ್ ಸೆಟ್ಟಿಂಗಲ್ಲಿ ಆಟೋ ರಿಕವರಿಯನ್ನ ಎರಡು ಮೂರು ನಿಮಿಷಕ್ಕೆ ಇಳಿಸ್ಕೊಳ್ಳಿ, ಮತ್ತೆ ಆನ್ ಮಾಡಿದಾಗ ಫೈಲ್ ವಾಪಸ್ ಬೇಕಾ ಅಂತ ಅದೇ ಕೇಳುತ್ತೆ. ಅಪ್‌ಡೇಟ್ ಬಂದ್ರೆ ಕೆಳಗಡೆ ಗುರಾಣಿ ಗುರುತು ಕಾಣುತ್ತೆ ಅಷ್ಟೇ, ನಾವಾಗಿ ಒತ್ತೋವರೆಗೂ ಸುಮ್ನಿರುತ್ತೆ, ಪರೀಕ್ಷೆ ಟೈಮಲ್ಲಿ ಇದು ಎಷ್ಟು ನೆಮ್ಮದಿ ಅಂತ ಟೀಚರ್‌ಗಳಿಗೇ ಗೊತ್ತು. 22ಕ್ಕೆ 2029ರವರೆಗೂ ಸೆಕ್ಯುರಿಟಿ ಅಪ್‌ಡೇಟ್ ಇದೆ, ನನ್ನ ಮಿಷನ್ ಅಲ್ಲೀತನಕ ಬಾಳಿದ್ರೆ ಸಾಕು.

ಹಳೇ ಲೇಸರ್ ಪ್ರಿಂಟರ್ ಒಂದಿತ್ತು, ಅದು ಕೊನೆಗೂ ಕೆಲಸ ಮಾಡ್ಲಿಲ್ಲ, ಈಗ ವೈಫೈ ಪ್ರಿಂಟರ್ ತಗೊಂಡ್ವಿ, ಅದು ಡ್ರೈವರ್ ಕೇಳದೇ ತಾನೇ ಸಿಕ್ತು. ವಿಂಡೋಸಲ್ಲಿ ಮಾತ್ರ ಓಡೋ ಅಕೌಂಟ್ಸ್ ಸಾಫ್ಟ್‌ವೇರ್ ಮೇಲೆ ನಿಮ್ಮ ವ್ಯಾಪಾರ ನಿಂತಿದ್ರೆ ಆ ಮಿಷನ್ ಹಾಗೇ ಇರಲಿ, ಮುಟ್ಟೋಕೆ ಹೋಗ್ಬೇಡಿ. ಬರೆಯೋದು, ಓದೋದು, ಲೆಕ್ಕ, ಬ್ರೌಸರ್ ಇಷ್ಟೇ ಕೆಲಸ ಅನ್ನೋರು ಧೈರ್ಯವಾಗಿ ಹಾಕ್ಕೊಳ್ಳಿ, ಕನ್ನಡದ ಸೆಟ್ಟಿಂಗ್ ಮಾತ್ರ ಮೊದಲ ದಿನವೇ ಕೂತು ಮುಗಿಸಿಬಿಡಿ.