ಪಿಕಪ್ಪನ್ನು ಮರಕ್ಕೆ ಬಿಗಿಸುವ ಮೊದಲು ನನ್ನ ಗಿಟಾರಿನ ಪಾಡು ಕೇಳಿ

ಕಳೆದ ಮಳೆಗಾಲದಲ್ಲಿ ಮೂರೂವರೆ ಸಾವಿರ ರೂಪಾಯಿ ಕೊಟ್ಟು ನನ್ನ ಎಲೆಕ್ಟ್ರಿಕ್ ಗಿಟಾರಿನ ಪಿಕಪ್‌ಗಳನ್ನು, ಅಂದರೆ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಸಾಧನಗಳನ್ನು, ಮರಕ್ಕೇ ಬಿಗಿಸಲೆಂದು ಅದರ ಮೈಗೆ ಆರು ತೂತು ಕೊರೆಸಿಕೊಂಡೆ. ಅದರಿಂದ ನಾದ ತುಂಬಿಕೊಳ್ಳುತ್ತದೆ ಎಂದು ನಂಬಿದ್ದೆ. ನಾದ ತುಂಬಲಿಲ್ಲ, ಒಂದು ಪಿಕಪ್ ಸತ್ತಿತು. ಇದೇ ಕೆಲಸಕ್ಕೆಂದು ಯಾರಾದರೂ ಗಿಟಾರನ್ನು ಚೀಲಕ್ಕೆ ಹಾಕಿಕೊಂಡು ಹೊರಟಿದ್ದರೆ ದಯವಿಟ್ಟು ಹತ್ತು ನಿಮಿಷ ಕುಳಿತು ಇದನ್ನು ಓದಿ.

ನನ್ನದು ಸ್ಟ್ರಾಟೊಕಾಸ್ಟರ್ ಮಾದರಿಯ ಗಿಟಾರ್. 1954ರಲ್ಲಿ ಫೆಂಡರ್ ಕಂಪನಿ ಈ ವಿನ್ಯಾಸವನ್ನು ಹೊರತಂದಾಗಿನಿಂದಲೂ ಇದರ ಮೂರು ಪಿಕಪ್‌ಗಳು ಮರವನ್ನು ಮುಟ್ಟುವುದಿಲ್ಲ. ಗಿಟಾರಿನ ಮೈಮೇಲೆ ಕೂರುವ ಪ್ಲಾಸ್ಟಿಕ್ ಹಲಗೆಯಾದ ಪಿಕ್‌ಗಾರ್ಡಿನಿಂದ ಎರಡೆರಡು ಸ್ಕ್ರೂಗಳಲ್ಲಿ ನೇತಾಡುತ್ತವೆ. ನಡುವೆ ಸ್ಪ್ರಿಂಗ್ ಅಥವಾ ರಬ್ಬರ್ ಕೊಳವೆಯ ತುಂಡು ಇರುತ್ತದೆ. ಸ್ಕ್ರೂ ತಿರುಗಿಸಿದರೆ ಪಿಕಪ್ ಏರುತ್ತದೆ, ಇಳಿಯುತ್ತದೆ. ತಂತಿ ಬದಲಾಯಿಸಲು ಹೋದ ಅಂಗಡಿಯಲ್ಲಿ ರಿಪೇರಿ ಮಾಡುವವರು ಇದನ್ನು ನೋಡಿ ತಲೆಯಾಡಿಸಿದರು. "ಸರ್, ಸ್ಪ್ರಿಂಗಿನ ಮೇಲೆ ತೂಗಾಡುವ ಪಿಕಪ್ ಅರ್ಧ ನಾದವನ್ನು ನುಂಗಿಬಿಡುತ್ತದೆ. ನೇರ ಮರಕ್ಕೆ ಬಿಗಿಯೋಣ, ಸಸ್ಟೇನ್ ಎರಡು ಪಟ್ಟು ಆಗುತ್ತದೆ" ಎಂದರು. ಸಸ್ಟೇನ್ ಎಂದರೆ ಮೀಟಿದ ಸ್ವರ ಆರದೆ ನಿಲ್ಲುವ ಹೊತ್ತು.

ನಂಬಲು ನನಗೆ ಕಾರಣಗಳಿದ್ದವು. ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ತಾನೇ ಜೋಡಿಸಿಕೊಂಡ ಆ ಪಟ್ಟೆಪಟ್ಟೆ ಗಿಟಾರಿನಲ್ಲಿ ಹಂಬಕರ್ ಎಂಬ ಎರಡು ಸುರುಳಿಯ ಪಿಕಪ್ಪನ್ನು ನೇರವಾಗಿ ಮರಕ್ಕೇ ತಿರುಪಿದ್ದ ಎಂದು ಓದಿದ್ದೆ. ಗಿಬ್ಸನ್ ಕಂಪನಿಯ ಸೋಪ್‌ಬಾರ್ ಪಿ-90 ಪಿಕಪ್ ಕೂಡ ಮರಕ್ಕೇ ಕೂರುತ್ತದೆ, ಫೆಂಡರಿನ ಜಾಝ್‌ಮಾಸ್ಟರ್ ಗಿಟಾರಿನ ಪಿಕಪ್ಪೂ ಅಷ್ಟೇ. ಇಷ್ಟು ಜನ ದೊಡ್ಡವರು ಮಾಡಿದ್ದಾರೆಂದರೆ ಅದರಲ್ಲಿ ಏನೋ ಇರಲೇಬೇಕು ಎಂದುಕೊಂಡೆ. ವ್ಯಾನ್ ಹೇಲನ್ ಅದೇ ಪಿಕಪ್ಪನ್ನು ಕರಗಿಸಿದ ಮೇಣದಲ್ಲಿ ಅದ್ದಿಯೂ ಇದ್ದ ಎಂಬುದನ್ನು ಮಾತ್ರ ಮರೆತಿದ್ದೆ. ಅದಕ್ಕೆ ಆಮೇಲೆ ಬರುತ್ತೇನೆ.

ಗಿಟಾರ್ ಮನೆಗೆ ಬಂದ ಮೊದಲ ಎರಡು ದಿನ ನಾನು ಸ್ವರ್ಗದಲ್ಲಿದ್ದೆ. ಶಬ್ದ ಜೋರಾಗಿತ್ತು, ಮೈತುಂಬಿಕೊಂಡ ಹಾಗಿತ್ತು. ಮೂರನೆಯ ದಿನ ಶ್ರುತಿ ಮಾಡಲು ಕುಳಿತಾಗ ದಪ್ಪ ತಂತಿ ನಿಲ್ಲಲೊಲ್ಲದು. ಟ್ಯೂನರಿನ ಮುಳ್ಳು ಅತ್ತಿತ್ತ ಓಲಾಡುತ್ತಿತ್ತು. ಹನ್ನೆರಡನೆಯ ಫ್ರೆಟ್ಟಿನಿಂದ (ಗಿಟಾರಿನ ಕತ್ತಿನ ಅಡ್ಡ ಲೋಹಪಟ್ಟಿ) ಮೇಲೆ ಒತ್ತಿದರೆ ಒಂದೇ ತಂತಿಯಲ್ಲಿ ಎರಡು ಸ್ವರಗಳು ಒಂದನ್ನೊಂದು ತಳ್ಳಾಡಿದಂತೆ ವಾಂವ್ ವಾಂವ್ ಎನ್ನುತ್ತಿತ್ತು. ಎರಡು ಪಟ್ಟಾಗುತ್ತದೆ ಎಂದಿದ್ದ ಸಸ್ಟೇನ್ ಮೊದಲಿಗಿಂತ ಬೇಗ ಆರಿಹೋಗುತ್ತಿತ್ತು.

ಪಿಕ್‌ಗಾರ್ಡ್ ಬಿಚ್ಚಿ ನೋಡಿದೆ. ಪಿಕಪ್‌ಗಳ ಕೆಳಗೆ ಗಟ್ಟಿ ಫೋಮ್ ತುರುಕಿ, ಮರದ ಸ್ಕ್ರೂ ಹಾಕಿ ಬಿಗಿದಿದ್ದರು. ಮೂರೂ ಪಿಕಪ್ ಮೊದಲಿಗಿಂತ ಎಷ್ಟೋ ಎತ್ತರದಲ್ಲಿದ್ದವು. ಪಿಕಪ್ ಎಂದರೆ ಆಯಸ್ಕಾಂತ ಮತ್ತು ಅದರ ಸುತ್ತ ತಾಮ್ರದ ಸುರುಳಿ. ಉಕ್ಕಿನ ತಂತಿ ಅದರ ಮೇಲೆ ಕಂಪಿಸಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಹತ್ತಿರವಾದಷ್ಟೂ ಶಬ್ದ ಜೋರು. ಮಿತಿ ಮೀರಿ ಹತ್ತಿರವಾದರೆ ಅದೇ ಆಯಸ್ಕಾಂತ ತಂತಿಯನ್ನು ಎಳೆದು ಅದರ ಕಂಪನವನ್ನೇ ಕೆಡಿಸುತ್ತದೆ. ನೆಕ್, ಅಂದರೆ ಕತ್ತಿನ ಬಳಿಯ ಪಿಕಪ್ಪಿನ ಮೇಲೆ ತಂತಿಯ ಓಲಾಟ ಹೆಚ್ಚು, ಆದ್ದರಿಂದ ಅಲ್ಲಿ ಈ ಕಾಟವೂ ಹೆಚ್ಚು. ಎರಡು ದಿನ ನಾನು ಹಿಗ್ಗಿದ್ದು ಮರದ ನಾದಕ್ಕಲ್ಲ, ಎತ್ತರಕ್ಕೆ! ಜೋರಾದದ್ದನ್ನು ಚೆನ್ನಾಗಿದೆ ಎಂದುಕೊಳ್ಳುವುದು ಕಿವಿಯ ಹಳೆಯ ದೌರ್ಬಲ್ಯ.

ವಾಪಸ್ಸು ಹೋದೆ. ನಿಜವಾದ ಅನಾಹುತ ನಡೆದದ್ದು ಆಗ. ಬಿಚ್ಚಿ ಫೋಮ್ ಬದಲಿಸುವ ಬದಲು ಅವರು ಬ್ರಿಡ್ಜ್ ಪಿಕಪ್ಪಿನ (ಮೈಮೇಲೆ ತಂತಿಗಳನ್ನು ಹೊರುವ ಬ್ರಿಡ್ಜಿನ ಪಕ್ಕದ್ದು) ಆಯಸ್ಕಾಂತದ ಕಡ್ಡಿಗಳನ್ನೇ ಹೆಬ್ಬೆರಳಿನಿಂದ ಕೆಳಕ್ಕೆ ಒತ್ತಿದರು. "ನೋಡಿ ಸರ್, ಇಳಿಯಿತು." ಇಳಿದದ್ದೇನೋ ನಿಜ. ಹಳೆಯ ಬಗೆಯ ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯ ಪಿಕಪ್ಪಿನಲ್ಲಿ ತಾಮ್ರದ ಎಳೆಯನ್ನು ಆ ಕಡ್ಡಿಗಳಿಗೇ ಒತ್ತಿ ಸುತ್ತಿರುತ್ತಾರೆ. ಎಳೆಯ ದಪ್ಪ ಸುಮಾರು 0.06 ಮಿಲಿಮೀಟರ್, ಸುತ್ತುಗಳು ಎಂಟು ಸಾವಿರದ ಆಸುಪಾಸು. ಕಡ್ಡಿ ಜರುಗಿದರೆ ಒಳಗಿನ ಎಳೆ ತುಂಡಾಗುತ್ತದೆ. ಮನೆಯಲ್ಲಿ ಮಲ್ಟಿಮೀಟರ್ ಇಟ್ಟು ನೋಡಿದೆ: ಆರು ಕಿಲೋಓಮ್ ತೋರಿಸಬೇಕಾದಲ್ಲಿ ಏನೂ ಇಲ್ಲ. ಅಂಗಡಿಯವರ ಉತ್ತರ "ಅದು ಮೊದಲೇ ವೀಕ್ ಆಗಿತ್ತು" ಎಂದು. ರಸೀದಿಯಲ್ಲಿ ಬರೆದದ್ದು 'ಗಿಟಾರ್ ಸರ್ವಿಸ್' ಎಂದಷ್ಟೇ. ಜಗಳವಾಡಲು ನನ್ನ ಕೈಯಲ್ಲಿ ಬೇರೇನೂ ಇರಲಿಲ್ಲ.

ನಮ್ಮ ಬೀದಿಯಲ್ಲಿ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡುವವರಿದ್ದಾರೆ. ಸುರುಳಿ ಎಂದರೆ ಸುರುಳಿ ತಾನೇ ಎಂದು ಅವರ ಬಳಿಯೂ ಹೋಗಿದ್ದೆ. ಆ ಎಳೆಯನ್ನು ಬೆಳಕಿಗೆ ಹಿಡಿದು ನೋಡಿ, "ಇದು ಜೇಡರ ಕೆಲಸ ಸ್ವಾಮಿ, ನಮ್ಮದಲ್ಲ" ಎಂದು ನಕ್ಕು ಕಳಿಸಿದರು. ಇಡೀ ಪ್ರಸಂಗದಲ್ಲಿ ನನಗೆ ನಿಜ ಹೇಳಿದವರು ಅವರೊಬ್ಬರೇ. ಕೊನೆಗೆ ಬೇರೆ ಊರಿಗೆ ಕೊರಿಯರ್ ಮಾಡಿ, ಇನ್ನೂ ಒಂದು ಸಾವಿರದ ಎಂಟುನೂರು ಕೊಟ್ಟು ಸುತ್ತಿಸಿಕೊಂಡೆ.

ಪಿಕಪ್ ವಾಪಸ್ಸು ಬಂದ ಮೇಲೆ ಹಟ ಹಿಡಿದು ಒಂದು ಪರೀಕ್ಷೆ ಮಾಡಿದೆ. ಅದನ್ನು ಮೊದಲು ಮರಕ್ಕೆ ಬಿಗಿದು, ಆಮೇಲೆ ಪಿಕ್‌ಗಾರ್ಡಿಗೆ ಸ್ಪ್ರಿಂಗಿನಲ್ಲಿ ತೂಗುಹಾಕಿ, ಎರಡೂ ಸಲ ಎತ್ತರ ಒಂದೇ ಇರುವಂತೆ ಅಳೆದು, ಅದೇ ತಂತಿಗಳಲ್ಲಿ ಅದೇ ನಾಲ್ಕು ಸಾಲು ನುಡಿಸಿ ಆಂಪ್ (ಆಂಪ್ಲಿಫೈಯರ್) ಇಲ್ಲದೆ ಕಂಪ್ಯೂಟರಿನಲ್ಲಿ ಮುದ್ರಿಸಿಕೊಂಡೆ. ಯಾವುದು ಯಾವುದೆಂದು ಹೇಳದೆ ಗೆಳೆಯನಿಗೆ ಹತ್ತು ಸಲ ಕೇಳಿಸಿದೆ. ಐದು ಸಲ ಸರಿ ಹೇಳಿದ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಪಿಕಪ್ಪನ್ನು ಒಂದೇ ಒಂದು ಮಿಲಿಮೀಟರ್ ಇಳಿಸಿ ಮುದ್ರಿಸಿದ್ದನ್ನು ಮಾತ್ರ ಪ್ರತಿ ಸಲವೂ ಹಿಡಿದ. ಒಂದು ಗಿಟಾರ್, ಒಂದು ಜೊತೆ ಕಿವಿ, ಇದು ಪ್ರಯೋಗಶಾಲೆಯ ಮಾತಲ್ಲ. ಆದರೆ ಡ್ರಿಲ್ ಹಿಡಿಯುವ ಮುನ್ನ ಯಾರು ಬೇಕಾದರೂ ಎತ್ತರದ ಪರೀಕ್ಷೆಯನ್ನು ಬಿಟ್ಟಿಯಾಗಿ ಮಾಡಿ ನೋಡಬಹುದು.

ಪಿಕಪ್ ಕೂರಿಸುವ ಬಗೆಯಿಂದ ಏನೂ ಆಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಫೆಂಡರಿನದೇ ಇನ್ನೊಂದು ಗಿಟಾರಾದ ಟೆಲಿಕಾಸ್ಟರಿನ ಬ್ರಿಡ್ಜ್ ಪಿಕಪ್ ಉಕ್ಕಿನ ತಟ್ಟೆಯಿಂದ ನೇತಾಡುತ್ತದೆ, ಆ ಲೋಹ ಕಾಂತಕ್ಷೇತ್ರದಲ್ಲಿ ಕೈಯಾಡಿಸುತ್ತದೆ, ಅದರ ಧ್ವನಿಯಲ್ಲಿ ತಟ್ಟೆಯ ಪಾಲೂ ಇದೆ. ಇನ್ನೊಂದು, ಮೇಣದ ವಿಚಾರ. ಸುರುಳಿ ಸಡಿಲವಾಗಿದ್ದರೆ ಪಿಕಪ್ ಮೈಕಿನಂತೆ ವರ್ತಿಸುತ್ತದೆ. ಉಗುರಿನಿಂದ ತಟ್ಟಿದರೆ ಆಂಪಿನಲ್ಲಿ ಟಕಟಕ ಕೇಳಿಸುತ್ತದೆ, ಶಬ್ದ ಏರಿಸಿದರೆ ಕಿರ್ರನೆ ಕಿರುಚುತ್ತದೆ. ಮೇಣ ಎಳೆಗಳ ನಡುವೆ ಇಳಿದು ಈ ಕಿರುಚಾಟವನ್ನು ತಡೆಯುತ್ತದೆ. ವ್ಯಾನ್ ಹೇಲನ್ ಅದ್ದಿದ್ದು ಅದಕ್ಕೇ. ಮೇಣವಿಲ್ಲದ ಪಿಕಪ್ ಹಳೆಯ, ಸೋತ ಸ್ಪ್ರಿಂಗಿನ ಮೇಲೆ ಅಲ್ಲಾಡುತ್ತಿದ್ದರೆ ಕಾಟ ಇನ್ನೂ ಹೆಚ್ಚು. ಅದಕ್ಕೆ ಹೊಸ ಸ್ಪ್ರಿಂಗ್ ಅಥವಾ ರಬ್ಬರ್ ಕೊಳವೆ ಹಾಕಿ. ಐವತ್ತು ರೂಪಾಯಿಯ ಮಾತು.

ಎತ್ತರ ಅಳೆಯುವುದು ಹೀಗೆ: ಎರಡು ಅಂಚಿನ ತಂತಿಗಳನ್ನು ಒಂದೊಂದಾಗಿ ಕೊನೆಯ ಫ್ರೆಟ್ಟಿನಲ್ಲಿ ಒತ್ತಿ ಹಿಡಿದು, ತಂತಿಯ ತಳದಿಂದ ಕಡ್ಡಿಯ ತುದಿಯವರೆಗಿನ ಅಂತರ ನೋಡಿ. ಹಳೆಯ ಬಗೆಯ ಸ್ಟ್ರಾಟ್ ಪಿಕಪ್ಪಿಗೆ ದಪ್ಪ ತಂತಿಯ ಕಡೆ 2.4, ಸಣ್ಣ ತಂತಿಯ ಕಡೆ 2 ಮಿಲಿಮೀಟರ್ ಇಟ್ಟು ಶುರುಮಾಡಿ, ಅಲ್ಲಿಂದ ಕಿವಿಗೆ ಬಿಡಿ. ಈಗಾಗಲೇ ಮರಕ್ಕೆ ಬಿಗಿಸಿಕೊಂಡಿದ್ದರೆ ಗಟ್ಟಿ ಫೋಮ್ ತೆಗೆದು, ಒತ್ತಿದರೆ ತಗ್ಗಿ ಮತ್ತೆ ಎದ್ದು ಬರುವಂಥದ್ದನ್ನು ಹಾಕಿ. ಆಗ ಸ್ಕ್ರೂ ಸಡಿಲಿಸಿ ಬಿಗಿದು ಎತ್ತರ ಹೊಂದಿಸಬಹುದು. ಕಡ್ಡಿಗಳನ್ನು ಒತ್ತಲು ಯಾರಾದರೂ ಹೆಬ್ಬೆರಳು ಚಾಚಿದರೆ ಗಿಟಾರನ್ನು ಕಿತ್ತುಕೊಂಡು ಎದ್ದು ಬನ್ನಿ, ಮರ್ಯಾದೆಯೆಲ್ಲ ಆಮೇಲೆ.

ನನ್ನ ಮೂರೂ ಪಿಕಪ್ ಈಗ ಮತ್ತೆ ಪಿಕ್‌ಗಾರ್ಡಿನಿಂದಲೇ ನೇತಾಡುತ್ತಿವೆ. ಆರು ತೂತುಗಳು ಅದರ ಕೆಳಗೆ ಹಾಗೆಯೇ ಇವೆ.