ಚಳಿಗಾಲದ ರಜೆಗೆ ಲಗೋರಿಯೋ, ಚಿನ್ನಿದಾಂಡೋ?

ಡಿಸೆಂಬರ್‌ನಲ್ಲಿ ಚಿಕ್ಕಮಗಳೂರಿನ ತೋಟದ ಮನೆಗಳ ಕಣ ಮಕ್ಕಳಿಗೆ ಸಿಗುವುದಿಲ್ಲ. ಅಲ್ಲಿ ಅರೇಬಿಕಾ ಕಾಫಿ ಒಣಗುತ್ತಿರುತ್ತದೆ. ಉಳಿಯುವುದು ಕೊಯ್ಲಾದ ಗದ್ದೆ, ಅದೂ ಇಬ್ಬನಿ ಆರಿದ ಮೇಲೆ.

ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ಸೇರುವುದಾದರೆ ಲಗೋರಿಯೇ ಸರಿ. ಏಳು ಚಪ್ಪಟೆ ಕಲ್ಲು, ಒಂದು ಟೆನಿಸ್ ಚೆಂಡು, ಎರಡು ತಂಡ. ಕಲ್ಲು ಉರುಳಿದ ಕ್ಷಣದಿಂದ ಓಡಲೇಬೇಕು; ಸ್ವೆಟರ್‌ಗಳು ಸ್ವಲ್ಪ ಹೊತ್ತಿಗೇ ಬದುವಿನ ಮೇಲೆ ಬೀಳುತ್ತವೆ. ಗಟ್ಟಿ ರಬ್ಬರ್ ಚೆಂಡು ಮಾತ್ರ ಬೇಡ, ಚಳಿಗೆ ಬೆನ್ನು ಚುರುಗುಟ್ಟುತ್ತದೆ.

ಚಿನ್ನಿದಾಂಡಿನಲ್ಲಿ ಕೌಶಲ ಹೆಚ್ಚು, ಕಾಯುವುದೂ ಹೆಚ್ಚು. ಒಬ್ಬರು ಹೊಡೆಯುವಾಗ ಉಳಿದವರು ನಡುಗುತ್ತಾ ನಿಂತಿರಬೇಕು. ಎರಡೂ ತುದಿ ಚೂಪಾದ ಚಿನ್ನಿ ಮುಖದ ಎತ್ತರಕ್ಕೇ ಚಿಮ್ಮುವುದರಿಂದ ಹತ್ತು ವರ್ಷ ದಾಟಿದವರಿಗಷ್ಟೇ ದಾಂಡು ಕೊಡಿ, ಚಿಕ್ಕವರನ್ನು ದೂರ ನಿಲ್ಲಿಸಿ.

ಅಂಗಳ ಇಕ್ಕಟ್ಟಾಗಿದ್ದರೆ ಎರಡನ್ನೂ ಬಿಟ್ಟು ಕುಂಟೆಬಿಲ್ಲೆಗೆ ಗೆರೆ ಎಳೆಯಿರಿ.